ಕಾಲುಚೀಲ ಬಿಚ್ಚುವ ಹೊತ್ತು

ಹೊಸ ಸುಣ್ಣದ ವಾಸನೆ, ಇನ್ನೂ ಪೂರಾ ಆರಿಲ್ಲ, ಗೋಡೆಗೆ ಬೆನ್ನು ತಾಗಿದರೆ ಅಂಗಿಗೆ ಹತ್ತುತ್ತದೆ, ಹತ್ತಿದರೆ ಹತ್ತಲಿ, ಬಿಳಿಗೆ ಹೆದರಿ ಎಂಟು ವರ್ಷ ಕಳೆದವನಿಗೆ ಇನ್ನೊಂದು ಬಿಳಿ ಏನು ಭಾರ — ಎದುರಿಗೆ ಕಾಲು ತೊಳೆಯುವ ಅಗಲ ಹಿತ್ತಾಳೆಯ ಪರಾತ, ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಾರೆ, ಬಾಗಿಲ ತೋರಣದ ಹಸಿರು ಅದರೊಳಗೆ ತೂಗುತ್ತಿದೆ, ಪರಾತ ಒಂದು, ಅದರ ಹಿಂದೆ ಮಣೆ ಎರಡು. ಒಂದು ಪರಾತಕ್ಕೆ ಎರಡು ಮಣೆ ಹಾಕಿದ್ದನ್ನು ನಮ್ಮಪ್ಪ ಕಂಡಿರಲಿಲ್ಲ, ಅವರಪ್ಪನೂ ಕಂಡಿರಲಿಕ್ಕಿಲ್ಲ. ಬಲಗಡೆಯ ಮಣೆಯ ಮೇಲೆ ನಾನು, ಮಠದ ವೀರಭದ್ರಯ್ಯ, ನಲವತ್ತೊಂಬತ್ತು ತುಂಬಿದವನು, ಕಾಲಿಗೆ ಬೂದಿಬಣ್ಣದ ಕಾಲುಚೀಲ. ಎಡಗಡೆಯ ಮಣೆಯ ಮೇಲೆ ಒಡಹುಟ್ಟಿದ ತಮ್ಮ ಕೊಟ್ರಸ್ವಾಮಿ, ಬರಿಗಾಲು, ಉಗುರು ತೆಗೆದುಕೊಂಡು ಬಂದಿದ್ದಾನೆ, ಹಿಮ್ಮಡಿ ನೋಡು, ಬೆಣ್ಣೆಯ ಮುದ್ದೆ, ಅವನು ನನ್ನ ಕಡೆ ನೋಡುತ್ತಿಲ್ಲ, ಪಾಪ, ಪರಾತದ ಅಂಚನ್ನೇ ನೋಡುತ್ತಿದ್ದಾನೆ. ಕರಿಸಿದ್ದಪ್ಪನ ಹೊಸ ಮನೆ ಇದು, ಉಜ್ಜಿನಿ ರಸ್ತೆಯ ಬದಿಗೆ ಮೂರಂಕಣದ ಕಲ್ಲಿನ ಮನೆ, ಊರ ಗೌಡ ಅವನು, ಅವನು ಕೆಮ್ಮಿದರೆ ಕಟ್ಟೆಯ ಮೇಲೆ ಕುಂತವರು ಎದ್ದು ನಿಲ್ಲುತ್ತಾರೆ. ಅಯ್ಯನವರ ಪಾದ ತೊಳೆದು, ಆ ನೀರನ್ನು ಮೂಲೆಮೂಲೆಗೆ ಚಿಮುಕಿಸಿ, ಮನೆಯವರೆಲ್ಲ ಒಂದೊಂದು ಗುಟುಕು ಬಾಯಿಗೆ ಹಾಕಿಕೊಂಡ ಮೇಲೆಯೇ ಹೊಸ ಒಲೆಗೆ ಬೆಂಕಿ, ಹಾಲು ಉಕ್ಕುವುದು ಆಮೇಲೆ, ಇದು ನಮ್ಮ ಕಡೆಯ ನಡತೆ, ನಮ್ಮ ಮಠದ ಕಾಲುಗಳು ಈ ಊರಿನ ಎಷ್ಟು ಒಲೆಗಳನ್ನು ಹಚ್ಚಿಸಿವೆಯೋ. ಕರಿಸಿದ್ದಪ್ಪ ಬೆಳಿಗ್ಗೆಯೇ ಹೇಳಿದ್ದ, ನೋಡ್ರಿ ಅಯ್ಯನೋರ, ಇವತ್ತು ಯಾರ ಪಾದ ಈ ಪರಾತದಾಗ ಇಳಿತಾವೋ ಮುಂದ ಊರಾಗಿನ ಮನಿ ಎಲ್ಲಾ ಅವರವೇ, ಹಕ್ಕು ಅಣ್ಣಂದು, ಬರಾವ ತಮ್ಮ ಅನ್ನೂದು ಸಾಕಾತು, ಇತ್ಯರ್ಥ ಆಗಿಬಿಡ್ಲಿ. ಆಗಲಿ, ನಾನೂ ಅದಕ್ಕೇ ಬಂದಿದ್ದೇನೆ. ಅವನ ಸೊಸೆ ಉಚ್ಚಂಗೆಮ್ಮ ತುಂಬಿದ ತಂಬಿಗೆ ಹಿಡಿದು ನಿಂತಿದ್ದಾಳೆ, ಯಾವ ಮಣೆಯ ಮುಂದೆ ಕೂಡಬೇಕೆಂದು ಮಾವನ ಮುಖ ನೋಡುತ್ತ, ತಂಬಿಗೆಯ ಬಾಯಿಂದ ಒಂದು ಹನಿ ಬಿತ್ತು, ಹಸಿ ಗಿಲಾವಿನ ನೆಲ ಅದನ್ನು ಕುಡಿದುಬಿಟ್ಟಿತು.

ಕಾಲುಚೀಲದೊಳಗೆ ಬೆರಳು ಆಡಿಸುತ್ತೇನೆ, ಹತ್ತೂ ಆಡುತ್ತವೆ, ನೋವಿಲ್ಲ, ಇದೇ ದೊಡ್ಡ ಮಾತು, ಎರಡು ವರ್ಷದ ಹಿಂದೆ ಹಿಂಗೆ ಆಡಿಸಿದ್ದರೆ ಬಿರುಕು ಬಾಯಿ ತೆರೆದು ಚೀಲಕ್ಕೆ ರಕ್ತ ಹತ್ತುತ್ತಿತ್ತು. ಶುರುವಾದದ್ದು ತೊಂಬತ್ತೈದರಲ್ಲಿ, ಎಡ ಹಿಮ್ಮಡಿಯಲ್ಲಿ ಒಂದು ನಾಣ್ಯದಷ್ಟು ಕೆಂಪು, ಅದರ ಮೇಲೆ ಬೆಳ್ಳಗೆ ಹೊಟ್ಟು, ಕೆರೆದರೆ ಉದುರುತ್ತದೆ, ಉದುರಿದಷ್ಟೂ ಬರುತ್ತದೆ, ಜೋಳ ಕೇರಿದ ಹಂಗೆ. ಗಜಕರ್ಣ ಅಂದರು, ಗಂಧಕ ಹಚ್ಚಿದೆ, ಉರಿಯಿತು. ಬೇವಿನೆಣ್ಣೆ, ಹೊಂಗೆಯೆಣ್ಣೆ, ಹಂಪಸಾಗರದ ಹೊಳೆಯಲ್ಲಿ ಐದು ಸೋಮವಾರ ಮುಳುಗು. ನಾಣ್ಯ ಅಂಗೈಯಷ್ಟಾಯಿತು, ಎರಡೂ ಅಂಗಾಲು, ಮೊಣಕೈ, ಮೊಣಕಾಲು, ತಲೆಯೊಳಗೆ. ಹೆಂಡತಿ ಮರುಳಮ್ಮ ನಾನು ಎದ್ದ ಕೂಡಲೇ ಹಾಸಿಗೆ ಕೊಡವುತ್ತಿದ್ದಳು, ಅದಕ್ಕೆಂದೇ ಒಂದು ಗಿಡ್ಡ ಪೊರಕೆ ಇಟ್ಟಿದ್ದಳು, ಆ ಪೊರಕೆಯನ್ನು ಬೇರೆಯವರು ಮುಟ್ಟದ ಹಂಗೆ ಬಾಗಿಲ ಹಿಂದೆ ಸಿಕ್ಕಿಸುತ್ತಿದ್ದಳು, ಒಂದು ದಿನವೂ ಬಾಯಿ ಬಿಟ್ಟು ಏನೂ ಅನ್ನಲಿಲ್ಲ, ಕಸಬರಿಗೆಯ ಆ ಸಣ್ಣ ಸಪ್ಪಳವೇ ನನಗೆ ಬೈಗುಳ. ಊರು ಮಾತ್ರ ಅಂದಿತು. ಅಯ್ಯನೋರಿಗೆ ದೊಡ್ಡ ರೋಗ ಬಂದೈತಂತ, ಬೆರಳು ಉದುರ್ತಾವಂತ. ಬಾವಿಕಟ್ಟೆಯ ಮೇಲೆ ಪಕ್ಕೀರಮ್ಮ, ಹಲ್ಲಿಲ್ಲದ ಬಾಯಿ, ಊರ ಸುದ್ದಿಗೆಲ್ಲ ಅದೇ ಹೆದ್ದಾರಿ, ನನ್ನ ಕಾಲಿನ ಬೆರಳು ಎಣಿಸಲಿಕ್ಕೆ ಬಗ್ಗಿ ನೋಡುತ್ತಿದ್ದಳು. ಅವತ್ತು ಹಾಕಿದೆ ಕಾಲುಚೀಲ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಕಾಲುಚೀಲ ಹಾಕಿಕೊಂಡು ಹೆಗಲಿಗೆ ಜೋಳಿಗೆ ಏರಿಸಿ ಕಂತಿಭಿಕ್ಷೆಗೆ ಹೋಗುವ ಜಂಗಮ, ನಾಯಿಗಳೂ ಗುರುತು ಹಿಡಿಯದೆ ಬೊಗಳಿದವು. ಪಾದಪೂಜೆಗೆ ಕರೆ ಬಂದರೆ ಮೊಣಕಾಲು ನೋವು, ನೆಗಡಿ, ಹೊಲದಾಗ ಶೇಂಗಾ ಕೀಳೂದೈತಿ, ತಮ್ಮನ್ನ ಕಳಸ್ತೀನಿ. ತಮ್ಮ ಹೋದ. ಹೋಗುತ್ತ ಹೋಗುತ್ತ ಜನಕ್ಕೆ ತಮ್ಮನೇ ರೂಢಿಯಾದ. ಅವನದೇನು ತಪ್ಪು, ಪ್ರತಿ ಸಲ ಬಂದು ತೆಂಗಿನಕಾಯಿ ನನ್ನ ಮುಂದೆ ಇಟ್ಟು, ಅಣ್ಣಾ ನಿನ್ನ ಹೆಸರ್ಲೇ ಕುಂತಿದ್ದೆ ಅನ್ನುತ್ತಿದ್ದ.

ಯೂಸುಫ್ ಎಲ್ಲಿ — ಅಗೋ ಹಿತ್ತಲ ಬಾಗಿಲಲ್ಲಿ, ಕರಿಸಿದ್ದಪ್ಪನ ಹೊಸ ನೀರಿನ ಮೋಟಾರು ಕೂಡಿಸಲಿಕ್ಕೆ ಕೊಟ್ಟೂರಿನಿಂದ ಬಂದವನು, ನಟ್ಟು ಬಿಗಿಯುವ ಪಾನಾ ಹಿಡಿದು ನಿಂತಿದ್ದಾನೆ, ಹುಬ್ಬು ಹಾರಿಸುತ್ತಾನೆ, ಹೇಳೋ ಅನ್ನುವ ಹಂಗೆ. ಹೇಳುತ್ತೇನೆ ತಡಿ. ಚೀಲ ಬಿಚ್ಚುವ ಮುಂಚೆ ಹೇಳಬೇಕಾದ ಮಾತು ಒಂದಿದೆ, ಅದನ್ನು ಹೇಳದೆ ಈ ಪರಾತದಲ್ಲಿ ಕಾಲಿಟ್ಟರೆ ಕಾಲು ವಾಸಿಯಾದರೂ ನಾನು ವಾಸಿಯಾಗುವುದಿಲ್ಲ. ಯೂಸುಫ್‌ಗೂ ಮರುಳಮ್ಮಗೂ ಬಿಟ್ಟು ಯಾರಿಗೂ ಗೊತ್ತಿಲ್ಲ. ತೊಂಬತ್ತಾರರ ಚಳಿಗಾಲ, ಇದೇ ಕರಿಸಿದ್ದಪ್ಪನ ಹಳೆಯ ಮನೆ, ಸೋಮವಾರ, ನಾನು ಕರಿಕಂಬಳಿಯ ಮೇಲೆ ಕೂತು ಲಿಂಗಪೂಜೆ ಮುಗಿಸಿ ಎದ್ದೆ, ಮೈ ಮೇಲಿನ ಶಲ್ಲೆ ಕೊಡವಿದೆ, ಕಂಬಳಿ ಕರ್ರಗೆ, ಅದರ ಮೇಲೆ ಬೆಳ್ಳಗೆ ಉದುರಿದ್ದು ನನ್ನ ಮೊಣಕೈಯ ಹೊಟ್ಟು, ತಲೆಯ ಹೊಟ್ಟು, ನೋಡಿದವರಿಗೆ ಥೇಟು ವಿಭೂತಿಯ ಪುಡಿ. ಉಚ್ಚಂಗೆಮ್ಮ ಆಗಿನ್ನೂ ಎಳೆಯ ಸೊಸೆ, ಕಂಕುಳಲ್ಲಿ ಎರಡು ವರ್ಷದ ಕೂಸು ಸುಮಲತಾ, ಕೂಸಿಗೆ ಮೂರು ದಿನದಿಂದ ಜ್ವರ, ಅವಳು ಬಂದವಳೇ ಕಂಬಳಿಗೆ ಹಣೆ ಹಚ್ಚಿ, ಅಯ್ಯನೋರು ಕುಂತ ಜಾಗದ ವಿಭೂತಿ ಅಂತ ಮೂರು ಬೆರಳಲ್ಲಿ ಅದನ್ನು ಬಳಿದು ತೆಗೆದು ಕೂಸಿನ ಹಣೆಗೆ, ಎರಡೂ ರೆಟ್ಟೆಗೆ, ಎದೆಗೆ ಹಚ್ಚಿಬಿಟ್ಟಳು. ನಾನು ಹೊಸ್ತಿಲ ಮೇಲಿದ್ದೆ. ಕಂಡೆ. ಬ್ಯಾಡವ್ವ ಅನ್ನಲಿಕ್ಕೆ ಬಾಯಿ ತೆರೆದೆ, ಒಳಗಿನಿಂದ ಕರಿಸಿದ್ದಪ್ಪ ಬಂದ, ಬಾಯಿ ಮುಚ್ಚಿದೆ. ಅಷ್ಟೇ. ಒಂದು ಉಸಿರಿನ ಹೊತ್ತು. ಆಮೇಲೆ ಪ್ರತಿ ಸೋಮವಾರ ಆ ಮನೆಯ ಮುಂದೆ ನಿಂತು ಭಿಕ್ಷೆ ಕೇಳುವುದು ನೆಪ, ಕೂಸಿನ ಹಣೆ ನೋಡುವುದು ಕೆಲಸ, ಬಿಸಿಲಿಗೆ ಹಿಡಿದು ನೋಡಬೇಕು, ಕೆಂಪಾಗಿದೆಯೇ, ಹೊಟ್ಟು ಎದ್ದಿದೆಯೇ, ಒಂದು ಸಲ ಹಣೆಯಲ್ಲಿ ಕೆಂಪು ಬೊಟ್ಟು ಕಂಡು ಜೋಳಿಗೆ ಕೈಯಿಂದ ಜಾರಿತು, ಸೊಳ್ಳೆ ಕಚ್ಚೈತ್ರಿ ಅಂದಳು ಉಚ್ಚಂಗೆಮ್ಮ, ನಕ್ಕಳು, ಕೂಸನ್ನು ಎತ್ತಿ ನನ್ನ ಮುಖದ ಹತ್ತಿರ ತಂದಳು, ನಾನು ಹಿಂದೆ ಸರಿದೆ, ಅಯ್ಯನೋರಿಗೆ ಮಕ್ಕಳಂದ್ರ ಆಗಂಗಿಲ್ಲ ಅಂತ ಊರಲ್ಲಿ ಅದೂ ಒಂದು ಮಾತಾಯಿತು. ಬೀಡಿ ಕಲಿತದ್ದು ಆ ವರ್ಷವೇ, ದನದ ಕೊಟ್ಟಿಗೆಯ ಹಿಂದೆ, ಲಿಂಗ ಕಟ್ಟಿಕೊಂಡ ಎದೆಯೊಳಗೆ ಹೊಗೆ ಎಳೆದುಕೊಳ್ಳುತ್ತ, ದಿನಕ್ಕೊಂದು ಕಟ್ಟು, ಉರಿ ಮರೆಯಲಿಕ್ಕೆ ಸೇದಿದ್ದು, ಉರಿಗೆ ಕಟ್ಟಿಗೆ ಒಟ್ಟುತ್ತಿದ್ದೇನೆ ಅನ್ನುವುದು ಗೊತ್ತಾಗಲಿಕ್ಕೆ ಬಳ್ಳಾರಿಯವರೆಗೆ ಹೋಗಬೇಕಾಯಿತು.

ಹೋದದ್ದು ಈ ಯೂಸುಫ್‌ನಿಂದ. ಏಳನೆಯ ತರಗತಿಯವರೆಗೆ ನಾವಿಬ್ಬರೂ ಒಂದೇ ಬೆಂಚು, ಊರಿಗೆಲ್ಲ ಅವನು ಯೂಸುಫ್ ಸಾಬ್, ನನಗೆ ಬರೀ ಯೂಸುಫ್, ಕೊಟ್ಟೂರು ಬಸ್‌ಸ್ಟ್ಯಾಂಡಿನ ಹಿಂದೆ ಮೋಟಾರು ರಿಪೇರಿಯ ಅಂಗಡಿ. ನನ್ನ ಪಂಪ್‌ಸೆಟ್ ಸುಟ್ಟಿತ್ತು, ಹೊತ್ತು ತಂದಿದ್ದೆ, ಹೋದ ವರ್ಷದ ಬೇಸಿಗೆ, ಎರಡು ಸಾವಿರದ ಮೂರು. ಲೇ ಸ್ವಾಮಿ, ಇಂಥಾ ಬಿಸಿಲಾಗ ಕಾಲುಚೀಲ ಯಾವನು ಹಾಕ್ತಾನಲೇ, ಕಲೆಕ್ಟರ್ ಏನು ನೀನು, ಅಂದವನೇ ಬಗ್ಗಿ ಎಳೆದುಬಿಟ್ಟ, ಚೀಲದ ಜೊತೆ ಚಕ್ಕೆ ಎದ್ದು ಬಂತು, ನಾನು ಕೂಗಿದೆ, ಅವನು ಕೂತೇಬಿಟ್ಟ. ಕಾಲನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡ. ಆಮೇಲೆ, ಎಷ್ಟು ವರ್ಷದಿಂದ ಮುಚ್ಚಿ ಇಟ್ಟಿಯಲೇ ಇದನ್ನ, ಮಷೀನಿಗೆ ತುಕ್ಕು ಹಿಡಿದ್ರ ಮ್ಯಾಲೆ ಪೇಂಟ್ ಬಳದ್ರ ಹೋಗ್ತೈತೇನು, ಒಳಗ ತಿಂದುಬಿಡ್ತೈತಿ. ಮರುವಾರವೇ ಬಸ್ಸು, ಕೊಟ್ಟೂರು ಬಿಟ್ಟು ಕೂಡ್ಲಿಗಿ, ಕೂಡ್ಲಿಗಿಯ ಮೇಲೆ ಬಳ್ಳಾರಿ, ಕಿಟಕಿಯಿಂದ ಬಿಸಿಗಾಳಿ, ನಾನು ಬರಂಗಿಲ್ಲೋ ಅನ್ನುತ್ತಲೇ ಹೋದೆ, ಅವರು ದೊಡ್ಡ ರೋಗ ಅಂದುಬಿಟ್ಟರೆ ವಾಪಸು ಬರುವ ಊರು ಎಲ್ಲಿಯದು ಅಂತ ದಾರಿಯುದ್ದಕ್ಕೂ ಅದೇ. ದೊಡ್ಡಾಸ್ಪತ್ರೆಯ ಚರ್ಮದ ವಿಭಾಗ, ಬೆಂಚಿನ ಮೇಲೆ ನನ್ನಂಥವರೇ, ತೋಳು ಮುಚ್ಚಿದವರು, ತಲೆ ಮುಚ್ಚಿದವರು, ಅಯ್ಯೋ ಎಷ್ಟು ಮಂದಿ, ಒಬ್ಬನೇ ಅಂದುಕೊಂಡಿದ್ದೆನಲ್ಲ! ಡಾಕ್ಟರು ಹೆಣ್ಣುಮಗಳು, ಗೀತಾಂಜಲಿ ಅಂತ, ಶಿವಮೊಗ್ಗದ ಕಡೆಯವರು, ಬರಿ ಬೆರಳಿನಲ್ಲೇ ಒತ್ತಿ ನೋಡಿದರು, ಒಂದು ಚಕ್ಕೆ ಮೆಲ್ಲಗೆ ಕೆರೆದರು, ಸೂಜಿಮೊನೆಯಷ್ಟು ರಕ್ತ ಜಿನುಗಿತು, ಕುಷ್ಠ ಅಲ್ಲ ಅಯ್ಯನವರೇ, ಇದು ಸೋರಿಯಾಸಿಸ್. ಒಬ್ಬರಿಂದ ಒಬ್ಬರಿಗೆ ಬರೋದಿಲ್ಲ. ಮುಟ್ಟಿದರೆ, ಕೇಳಿದೆ. ಬರೋದಿಲ್ಲ. ಜೊತೆಗೆ ಉಂಡರೆ. ಇಲ್ಲ. ಹಣೆಗೆ ಹಚ್ಚಿದರೆ. ಅವರು ತಲೆ ಎತ್ತಿದರು, ಹಣೆಗೆ ಯಾರು ಹಚ್ಚುತ್ತಾರೆ ಇದನ್ನ? ಯಾರೋ ಹಚ್ಚಿದರು ಅಂದುಕೊಳ್ರಿ. ಹಚ್ಚಿದರೂ ಬರೋದಿಲ್ಲ. ನಾನು ಮೇಜಿನ ಅಂಚು ಹಿಡಿದುಕೊಂಡೆ. ಏಳು ವರ್ಷ ಒಂದು ಕೂಸಿನ ಹಣೆಯನ್ನು ಕಣ್ಣಲ್ಲಿ ಹೊತ್ತು ತಿರುಗಿದ್ದೆ, ಆ ಭಾರ ಆ ಹೆಣ್ಣುಮಗಳ ಮೇಜಿನ ಮೇಲೆ ದೊಪ್ಪನೆ ಬಿತ್ತು, ಯೂಸುಫ್ ಹೆಗಲ ಮೇಲೆ ಕೈ ಇಟ್ಟ, ಅವನ ಕೈಯ ಗ್ರೀಸು ನನ್ನ ಬಿಳಿ ಅಂಗಿಗೆ.

ಆಮೇಲೆ ಅವರು ರಕ್ತ ಕೇಳಿದರು, ಒಂದು ಅಧ್ಯಯನಕ್ಕೆ, ಈ ಕಾಯಿಲೆಯವರ ರಕ್ತ ಇಷ್ಟು ಮಂದಿಯದು, ಅದೇ ವಯಸ್ಸಿನ ಆರೋಗ್ಯವಂತರದು ಇಷ್ಟು ಮಂದಿಯದು, ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆಯಬೇಕಂತೆ. ಏನಳಿತೀರಿ ತಾಯಿ ಅಂದೆ. ನೀವು ಶೇಂಗಾ ಬೆಳೀತೀರಾ? ಬೆಳಿತೀನ್ರಿ. ಎಣ್ಣೆ ಹಳೇದಾದರೆ ಏನಾಗುತ್ತೆ? ಕಮಟು ಹಿಡಿತೈತ್ರಿ. ಯಾಕೆ ಹಿಡಿಯುತ್ತೆ ಗೊತ್ತಾ, ಗಾಳಿಯಲ್ಲಿರೋ ಆಮ್ಲಜನಕ ತಾಗಿ. ಅದೇ ಆಮ್ಲಜನಕ ನಾವು ಉಸಿರಾಡೋದು, ಅದು ಒಳಗೆ ಹೋಗಿ ಉಂಡ ಅನ್ನವನ್ನ ಉರಿಸಿ ಶಕ್ತಿ ಕೊಡುತ್ತೆ, ಉರಿಯೋ ಕಡೆ ಕಿಡಿ ಹಾರಲೇಬೇಕಲ್ಲ, ಆ ಕಿಡಿ ಆರಿಸೋ ಪದಾರ್ಥಗಳನ್ನೂ ದೇಹವೇ ಇಟ್ಟುಕೊಂಡಿರುತ್ತೆ. ನಿಮ್ಮ ಚರ್ಮದಲ್ಲಿ ಉರಿ ಕೂತುಬಿಟ್ಟಿದೆ, ಕಿಡಿ ಹೆಚ್ಚು, ಆರಿಸೋದು ಕಡಿಮೆ, ಮೈಯೊಳಗಿನ ಕೊಬ್ಬು ಕಿಡಿ ತಾಗಿ ಕಮಟು ಹಿಡಿಯುತ್ತೆ, ಆ ಕಮಟಿನ ಗುರುತು ರಕ್ತದಲ್ಲಿ ಸಿಗುತ್ತೆ, ಅದನ್ನ ಅಳೀತೀವಿ, ಇದಕ್ಕೆ ಆಕ್ಸಿಡೇಟಿವ್ ಸ್ಟ್ರೆಸ್ ಅಂತ ಹೆಸರು. ಒಂದು ತಿಂಗಳು ಬಲಿತು ಮೇಲೆ ಬರಬೇಕಾದ ಚರ್ಮ ನಿಮ್ಮಲ್ಲಿ ನಾಲ್ಕು ದಿನಕ್ಕೇ ಎದ್ದು ಬರುತ್ತೆ, ಬಲಿಯೋ ಮುಂಚೆ ಕಿತ್ತ ಕಾಯಿ ಹಾಗೆ, ಅದೇ ಹೊಟ್ಟು. ಕಿಡಿಯಿಂದಲೇ ಕಾಯಿಲೆ ಹುಟ್ಟಿತು ಅಂತ ನಾನು ಹೇಳೋದಿಲ್ಲ, ಕಿಡಿ ಮೊದಲೋ ಉರಿ ಮೊದಲೋ ಅನ್ನೋದೇ ಇನ್ನೂ ತಿಳಿಯಬೇಕು — ಹಿಂಗೆ ಹೇಳಿದರು, ಗೊತ್ತಿಲ್ಲ ಅನ್ನುವುದನ್ನೂ ಗೊತ್ತಿರುವುದರಷ್ಟೇ ಧೈರ್ಯದಿಂದ. ಬೀಡಿ ಸೇದುತ್ತೀರಾ? ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು, ಯೂಸುಫ್ ಅಂದ, ಸೇದ್ತಾನ್ರಿ ಮೇಡಂ, ಕದ್ದು ಸೇದ್ತಾನ. ಪ್ರತಿ ಬೀಡಿ ಕಿಡಿಗೆ ಕಿಡಿ ಸೇರಿಸುತ್ತೆ, ಬಿಡಿ. ಆರೋಗ್ಯವಂತರು ಯಾರಾದರೂ ಜೊತೆಗಿದ್ದೀರಾ, ಇವರದೇ ವಯಸ್ಸಿನವರು? ಯೂಸುಫ್ ಆಗಲೇ ತೋಳು ಮಡಚುತ್ತಿದ್ದ, ತಗೊಳ್ರಿ, ಚಹಾ ಬಿಟ್ರ ಬ್ಯಾರೆ ಚಟ ಇಲ್ಲ, ರಕ್ತದಾಗ ಗ್ರೀಸ್ ಬಂದ್ರ ಮಾತ್ರ ನನ್ನ ಕೇಳಬ್ಯಾಡ್ರಿ. ನರ್ಸಮ್ಮ ನಕ್ಕು ಸೂಜಿ ಜಾರಿಸಿದಳು. ಎರಡು ಸಣ್ಣ ಸೀಸೆ, ಪಕ್ಕಪಕ್ಕ, ಒಂದರ ಮೇಲೆ ಅವನ ಹೆಸರು, ಒಂದರ ಮೇಲೆ ನನ್ನದು, ಎರಡೂ ಒಂದೇ ಕೆಂಪು, ಬಣ್ಣ ನೋಡಿದರೆ ಯಾವುದು ಕಮಟು ಯಾವುದು ತಾಜಾ ದೇವರಾಣೆ ಗೊತ್ತಾಗುತ್ತಿರಲಿಲ್ಲ. ನೋಡಲೇ ಸ್ವಾಮಿ, ಎಷ್ಟು ದಿನಾ ಆತು ನಾವು ಒಂದ ಬೆಂಚಿನ್ಯಾಗ ಕುಂತು, ಅಂದ ಯೂಸುಫ್.

ಕರಿಸಿದ್ದಪ್ಪ ಏನೋ ಅನ್ನುತ್ತಿದ್ದಾನೆ, ಸೊಸೆಗೆ, ಎಡಗಡೆ ಕೂಡು ಅಂತ ಕಣ್ಣಲ್ಲಿ ತೋರಿಸುತ್ತಿದ್ದಾನೆ, ಅವಳು ಕಾಣದವಳ ಹಂಗೆ ಸೆರಗು ಸರಿಮಾಡಿಕೊಳ್ಳುತ್ತಿದ್ದಾಳೆ, ಇನ್ನು ಸ್ವಲ್ಪ ತಡಿ ತಾಯಿ — ಆ ಆರು ತಿಂಗಳು, ಅದನ್ನು ಯಾರಿಗೆ ಹೇಳಲಿ, ಯುದ್ಧ ಅಂದರೆ ಅದು. ಬೀಡಿ ಬಿಟ್ಟ ಮೊದಲ ವಾರ ಕೊಟ್ಟಿಗೆಯ ಕಂಬ ತಬ್ಬಿಕೊಂಡು ನಿಂತಿದ್ದೆ, ಎತ್ತು ನನ್ನನ್ನು ನೋಡಿ ಮೇವು ಬಿಟ್ಟಿತು. ಮುಲಾಮು ಎರಡು ಹೊತ್ತು, ಡಾಕ್ಟರು ಹೇಳಿದಷ್ಟೇ, ಹೇಳಿದ ಕಡೆಗಷ್ಟೇ. ಬೆಳಗಿನ ಎಳೆಬಿಸಿಲಿಗೆ ಮಾಳಿಗೆಯ ಮೇಲೆ ಅಂಗಾಲು ಚಾಚಿ ಕೂಡುವುದು, ಕಾಲು ಸೂರ್ಯನ ಕಡೆಗೆ ಮಾಡಿದೆನಲ್ಲ ಅಂತ ಒಂದು ಅಳುಕು, ನಿನಗೂ ಪಾದ ಕೊಟ್ಟೆನಪ್ಪ ಅಂತ ಒಂದು ನಗೆ. ಮರುಳಮ್ಮ ನುಗ್ಗೆಸೊಪ್ಪು, ಅಗಸೆ ಚಟ್ನಿ, ನೆಲ್ಲಿಕಾಯಿ, ಕಿಡಿ ಆರಿಸೂದಂತ ಉಣ್ರಿ ಅಂತ ಬಡಿಸಿ ಬಡಿಸಿ, ನಾನು ಮೇಕೆಯಾಗಿಬಿಟ್ಟೆ ಕಣೇ ಅಂದರೆ, ಆಗ್ರಿ, ಮೇಕಿಗೆ ಹೊಟ್ಟು ಉದುರಂಗಿಲ್ಲ ಅಂದಳು. ಮೂರನೆಯ ತಿಂಗಳು ತಲೆ ತಿಳಿಯಾಯಿತು. ನಾಲ್ಕನೆಯ ತಿಂಗಳು ಮೊಣಕೈ. ಒಂದು ಮುಂಜಾನೆ ಎದ್ದು ಹೊರಗೆ ಬಂದೆ, ಹಿಂದಿನಿಂದ ಆ ಸಣ್ಣ ಸಪ್ಪಳ ಬರಲಿಲ್ಲ, ತಿರುಗಿ ನೋಡಿದರೆ ಮರುಳಮ್ಮ ಗಿಡ್ಡ ಪೊರಕೆ ಕೈಯಲ್ಲಿ ಹಿಡಿದು ಹಾಸಿಗೆಯ ಮುಂದೆ ಸುಮ್ಮನೆ ನಿಂತಿದ್ದಳು, ಗುಡಿಸಲಿಕ್ಕೆ ಏನೂ ಇರಲಿಲ್ಲ, ಏನೂ ಇಲ್ಲರೀ ಅಂದಳು, ಅತ್ತಳು, ಅದೇ ಪೊರಕೆ ಒಲೆಗೆ ಹಾಕಿ ನೀರು ಕಾಸಿದಳು. ಎರಡನೆಯ ಸಲದ ರಕ್ತ ಈ ಜನವರಿಯಲ್ಲಿ, ಡಾಕ್ಟರು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು, ಮೊದಲ ಸಲದ ನನ್ನ ಕಮಟು ಇಷ್ಟೆತ್ತರ, ಆರೋಗ್ಯವಂತರದು ಇಲ್ಲಿ, ಈಗಿನ ನನ್ನದು — ಬೆರಳು ಕೆಳಗೆ ಬಂತು, ಬಂತು, ಬಂತು, ಇನ್ನೂ ಪೂರಾ ಸೇರಿಲ್ಲ, ಆದರೂ ಹೆಗಲಿಗೆ ಹೆಗಲು. ನನ್ನ ಗೆರಿ ಮಗ್ಗಲಕ ಬಂದ್ಯಲ್ಲಲೇ ಸ್ವಾಮಿ, ಯೂಸುಫ್ ಆ ಕಾಗದ ಎತ್ತಿ ಬೆಂಚಿನವರಿಗೆಲ್ಲ ತೋರಿಸಿದ, ಓದು ಬಾರದವರೂ ಗೆರೆ ನೋಡಿದರು. ಇದು ಹೋಯಿತು ಅಂದುಕೋಬೇಡಿ, ಮತ್ತೆ ಬರಬಹುದು ಅಯ್ಯನವರೇ, ಅಂದರು ಡಾಕ್ಟರು. ಬರಲಿ. ಬಂದರೆ ಬಸ್ಸಿನ ದಾರಿ ಗೊತ್ತಿದೆ. ಕೂಡ್ಲಿಗಿಯ ಮೇಲೆ ಬಳ್ಳಾರಿ.

ಉಚ್ಚಂಗೆಮ್ಮ, ತಡಿಯವ್ವ — ಯಾರು ಮಾತಾಡಿದ್ದು, ನಾನೇ, ನನ್ನದೇ ದನಿ, ಮಂತ್ರ ಹೇಳುವ ದನಿಯಲ್ಲ, ಹೊಲದಲ್ಲಿ ಎತ್ತು ಕರೆಯುವ ದನಿ. ಚೀಲ ಬಿಚ್ಚೂದಕ್ಕಿಂತ ಮೊದಲ ಒಂದು ಮಾತೈತಿ. ನಿಮ್ಮ ಹಳೇ ಮನಿಯಾಗ, ಕೂಸಿಗೆ ಜ್ವರ ಇದ್ದಾಗ, ನಾನು ಕುಂತ ಕಂಬಳಿ ಮ್ಯಾಲಿನ ವಿಭೂತಿ ಹಚ್ಚಿದ್ಯಲ್ಲ, ನೆನಪೈತೇನು? ನೆನಪೈತ್ರಿ. ಅದು ವಿಭೂತಿ ಅಲ್ಲವ್ವ. ನನ್ನ ಮೈಯಾಗಿನ ಹೊಟ್ಟು. ನೀನು ಹಚ್ಚೂದು ಕಂಡೆ, ಕಂಡು ಸುಮ್ಮನಾದೆ. ಹೊರಗೆ ಎಲ್ಲೋ ಒಂದು ಕೋಳಿ, ಕೊಟ್ರಸ್ವಾಮಿ ಈಗ ನನ್ನ ಕಡೆ ನೋಡುತ್ತಿದ್ದಾನೆ, ಬಾಯಿ ತೆರೆದಿದೆ, ಕರಿಸಿದ್ದಪ್ಪ ಎದ್ದ, ಏನಂದ್ರಿ, ನನ್ನ ಮೊಮ್ಮಗಳ ಹಣಿಗೆ ನಿಮ್ಮ ರೋಗದ ಹೊಟ್ಟು! ಅಯ್ಯಯ್ಯಯ್ಯ, ಇದು ಪಕ್ಕೀರಮ್ಮ, ಬಾಗಿಲ ಹತ್ತಿರ, ಈಗಲೇ ಬಾವಿಕಟ್ಟೆಗೆ ಓಡಲಿಕ್ಕೆ ಒಂದು ಕಾಲು ಹೊರಗಿಟ್ಟಿದ್ದಾಳೆ, ಪೂರಾ ಕೇಳಿಕೊಂಡು ಹೋಗಬೇಕ್ರಿ ಅಜ್ಜಿ ಅಂತ ಯೂಸುಫ್ ಹಿತ್ತಲಿಂದ. ಸುಮಾ, ಬಾರ ಇಲ್ಲಿ. ಉಚ್ಚಂಗೆಮ್ಮ ತಂಬಿಗೆ ಕೆಳಗಿಟ್ಟಳು, ಹತ್ತು ವರ್ಷದ ಮಗಳನ್ನು ಬಾಗಿಲ ಬೆಳಕಿಗೆ ಎಳೆದು ನಿಲ್ಲಿಸಿದಳು, ಮುಂಗೂದಲು ಹಿಂದೆ ತಳ್ಳಿದಳು, ಹುಡುಗಿಗೆ ನಾಚಿಕೆ, ಬಿಡಬೇ ಅಂತ ಒದ್ದಾಡುತ್ತಾಳೆ, ಹಣೆ — ಅಬ್ಬಾ ಹಣೆ, ತೊಳೆದ ಪರಾತಕ್ಕಿಂತ ಹೊಳಪು. ನೋಡ್ರಿ ಮಾವಾರ, ಎಂಟು ವರ್ಷ ಆತು, ಒಂದು ಕಲೆ ಐತೇನು? ವಿಭೂತಿ ಅಂದ್ರ ಏನ್ರಿ, ಆಕಳ ಸಗಣಿ ಸುಟ್ಟ ಬೂದಿ, ಅದನ್ನ ಹಚ್ಕೊಂಡು ನಾವು ಶುದ್ಧ ಆಗ್ತೀವಿ, ಮನಷ್ಯಾನ ಮೈ ಅದಕ್ಕಿಂತ ಕಡಿಮಿ ಆತೇನ್ರಿ? ಕರಿಸಿದ್ದಪ್ಪ ಬಗ್ಗಿ ಮೊಮ್ಮಗಳ ಹಣೆಯ ಮೇಲೆ ಹೆಬ್ಬೆರಳು ಒರೆಸಿ ನೋಡಿದ. ನನಗೆ ಎದ್ದು ಕುಣಿಯಬೇಕು ಅನ್ನಿಸಿತು, ಆಗ ಅವಳು ನನ್ನ ಕಡೆ ತಿರುಗಿದಳು, ಕಣ್ಣು ಕೆಂಪು. ನನಗ ಸಿಟ್ಟು ಬಂದೈತ್ರಿ ಅಯ್ಯನೋರ. ಹೊಟ್ಟು ಹಚ್ಚಿದ್ದಕ್ಕಲ್ಲ. ಎಂಟು ವರ್ಷ ನಮ್ಮ ಹೊಸ್ತಿಲಿಗೆ ಬಂದು ಭಿಕ್ಷಾ ತಗೊಂಡ್ರಿ, ನಿಮಗ ಹಿಂಗ ಕಾಲು ಬ್ಯಾನಿ ಆಗೈತಿ ಅಂತ ನಮಗ ಒಂದು ಮಾತು ಹೇಳಲಿಲ್ಲ, ನಾವು ಹೊರಗಿನವರಾದ್ವಿ. ತಪ್ಪಾತವ್ವ, ಅಂದೆ. ತಪ್ಪಿಗೆ ಶಿಕ್ಷಾ ಐತಿ. ಏನವ್ವ? ಬಿಚ್ರಿ ಚೀಲ.

ಕೈ ಚೀಲದ ಅಂಚಿಗೆ ಹೋಗಿದೆ, ನಿಂತಿದೆ, ಕರಿಸಿದ್ದಪ್ಪ ಇನ್ನೂ ಒಪ್ಪಿಲ್ಲ, ಅಲ್ಲವ್ವಾ, ಕಾಲು ತೊಳೆದ ನೀರು ಹೆಂಗ ಬಾಯಾಗ ಹಾಕ್ಕಂಬೂದು, ನನ್ನ ಕೈಲಾಗಂಗಿಲ್ಲ. ಹಾಕ್ಕಬ್ಯಾಡ್ರಿ ಗೌಡ್ರ, ಅಂದೆ, ಅದು ನನಗೂ ಬ್ಯಾಡ, ಕುಡಿಯೂ ನೀರು ಲಿಂಗದ ಮ್ಯಾಲಿಂದು ಕೊಡ್ತೀನಿ, ಕಾಲು ತೊಳದದ್ದು ನಿಮ್ಮ ಹಿತ್ತಲದಾಗಿನ ನುಗ್ಗಿ ಗಿಡಕ್ಕ ಹಾಕ್ರಿ. ಇದನ್ನು ಯಾವಾಗ ಯೋಚಿಸಿದ್ದೆ, ಯೋಚಿಸಿರಲಿಲ್ಲ, ಬಾಯಿಗೆ ಬಂತು, ಬಂದದ್ದು ಸರಿಯಿತ್ತು. ಯೂಸುಫ್ ಒಂದು ಹೆಜ್ಜೆ ಒಳಗೆ, ಗೌಡ್ರ, ನಮ್ಮಿಬ್ಬರ ರಕ್ತ ಆಸ್ಪತ್ರ್ಯಾಗ ಮಗ್ಗಲಾ ಮಗ್ಗಲ ಕುಂತು ಬಂದಾವ್ರಿ, ಡಾಕ್ಟರಮ್ಮ ಅಳದು ನೋಡ್ಯಾರ, ನನಗೇನೂ ಹತ್ತಿಲ್ಲ, ಹತ್ತಿದ್ರ ಇವನ ಮಂತ್ರನಾದ್ರೂ ಬರ್ತಿತ್ತು. ಯಾರೋ ನಕ್ಕರು, ಇನ್ಯಾರೋ, ಪಕ್ಕೀರಮ್ಮ ಹೊರಗಿಟ್ಟ ಕಾಲನ್ನು ಒಳಗೆ ಎಳೆದುಕೊಂಡಳು. ಆಗ ಎಡಗಡೆ ಕಟ್ಟಿಗೆಯ ಸಪ್ಪಳ, ಕೊಟ್ರಸ್ವಾಮಿ ಎದ್ದಿದ್ದಾನೆ, ತನ್ನ ಮಣೆಯನ್ನು ಎತ್ತಿ ಗೋಡೆಗೆ ಆನಿಸುತ್ತಿದ್ದಾನೆ, ನಿಧಾನಕ್ಕೆ, ಎಲ್ಲರಿಗೂ ಕಾಣುವ ಹಂಗೆ, ಅವನ ಅಂಗೈಗೆ ಸುಣ್ಣ ಹತ್ತಿತು, ದೋತರಕ್ಕೆ ಒರೆಸಿಕೊಂಡ, ಎಂಟು ವರ್ಷ ತಣ್ಣೀರಾಗ ಕಾಲಿಟ್ಟು ಇಟ್ಟು ನನಗ ನೆಗಡಿ ಹಿಡದೈತಿ ಅಣ್ಣ, ಇನ್ನ ನೀನ ನೋಡ್ಕ. ನೆಗಡಿಯ ಸುಳ್ಳು ನನ್ನದು ಕಣೋ, ನಾನು ಹೇಳುತ್ತಿದ್ದದ್ದು, ನೀನು ಅದನ್ನೂ ನನಗೆ ತಿರುಗಿ ಕೊಟ್ಟೆಯಲ್ಲ. ಒಂದು ಪರಾತ, ಒಂದು ಮಣೆ. ಕರಿಸಿದ್ದಪ್ಪ ಎಲ್ಲರ ಮುಖ ನೋಡಿದ, ಮಗ್ಗಲಿನ ಹಾಲಿನ ಪಾತ್ರೆ ನೋಡಿದ, ಕೆಮ್ಮಿದ, ಲಗೂ ಮುಗಸ್ರಿ, ಹಾಲು ಕೆಡ್ತೈತಿ.

ಎಡಗಾಲಿನದು ಮೊದಲು, ಬೆರಳು ಸಿಕ್ಕಿಸಿ ಕೆಳಗೆ, ಹಿಮ್ಮಡಿ ದಾಟಿಸಿ, ಬಂತು, ಚೀಲದ ಜೊತೆ ಚರ್ಮ ಬರಲಿಲ್ಲ, ಬಲಗಾಲು, ಬಂತು, ಎರಡು ಚೀಲ ಪಕ್ಕಕ್ಕೆ, ಸತ್ತ ಇಲಿಗಳ ಹಂಗೆ. ಇವು ನನ್ನ ಕಾಲು. ಬೆಳಕಿನಲ್ಲಿ ಊರೇ ಬಗ್ಗಿ ನೋಡುತ್ತಿರುವ ನನ್ನ ಕಾಲು. ಚೆಂದ ಇಲ್ಲ, ಹಿಮ್ಮಡಿ ಇನ್ನೂ ಗುಲಾಬಿ, ಬಲಗಾಲಿನ ಅಂಚಿಗೆ ಒಂದು ಬಿಳಿ ಗೆರೆ ಉಳಿದಿದೆ, ಹಳೆಯ ಬಿರುಕಿನ ಮೂರು ಗುರುತು, ಹೊಲದ ಬದುವಿನ ಹಂಗೆ, ಹತ್ತು ಬೆರಳಿವೆ ಎಣಿಸಿಕೋ ಪಕ್ಕೀರಮ್ಮ, ಹತ್ತೂ ಇವೆ, ನನ್ನ ಮೈ ತನ್ನನ್ನು ತಾನೇ ಸುಟ್ಟುಕೊಂಡು ತಾನೇ ಆರಿಸಿಕೊಂಡು ಬಂದ ಕಾಲು ಇವು, ಪರಾತದ ತಂಪು ತಾಗಿತು, ಹಿತ್ತಾಳೆ, ಎಂಟು ವರ್ಷದ ಮೇಲೆ ಹಿತ್ತಾಳೆ, ಉಚ್ಚಂಗೆಮ್ಮ ಮಂಡಿಯೂರಿದಳು, ಬಳೆ ಮೇಲೆ ಸರಿಸಿದಳು, ನೀರು, ತಣ್ಣಗೆ, ಪಾದದ ಬೆನ್ನಿನ ಮೇಲೆ, ಬೆರಳ ಸಂದಿಯಿಂದ, ನಾನು ಮಂತ್ರ ಹೇಳಬೇಕು, ಯಾವುದು ಮೊದಲು, ಬಾಯಿಗೆ ಬರುತ್ತಿಲ್ಲ, ನೀರಷ್ಟೇ ಹಾಕಿ ಮೇಲೇಳುತ್ತಾಳೆ ಅಂದುಕೊಂಡೆ, ಮುಟ್ಟದೆಯೂ ತೊಳೆಯಬಹುದು, ಅಷ್ಟಾದರೂ ಸಾಕಿತ್ತು, ಏಳಲಿಲ್ಲ, ಬಲಗೈ ನೀರೊಳಗೆ ಇಳಿಯಿತು, ಅಂಗಾಲಿನ ಕೆಳಗೆ ಹೋಯಿತು, ಬಿರುಕಿದ್ದ ಜಾಗಕ್ಕೆ, ಒರಟು ಕೈ, ರೊಟ್ಟಿ ಬಡಿದ ಕೈ, ಎತ್ತಿತು, ಕಾಲಿನ ಭಾರ ಪೂರಾ ಅವಳ ಕೈಗೆ, ನಾನು ಎತ್ತಿ ಹಿಡಿಯಲಿಲ್ಲ, ಬಿಟ್ಟುಬಿಟ್ಟೆ, ಅಂಗಾಲು, ಅದರ ಕೆಳಗೆ ಅಂಗೈ, ಮಂತ್ರ ಎಲ್ಲಿ ಹೋಯಿತು, ಹೋಗಲಿ, ಅಂಗೈ, ನೀರು ಸೋರುತ್ತಿದೆ ಬೆರಳ ಸಂದಿಯಿಂದ, ಅಂಗೈ ಬಿಡುತ್ತಿಲ್ಲ, ಅಂಗಾಲಿನ ಕೆಳಗೆ ಅಂಗೈ —